ಪಾಳಿ ಮುಗಿಯುವ ತನಕ ಹಳೇದೇ ಇರಲಿ

ಮೋರಟಗಿ ಸೀಮೆಯ ಕಾಲುವೆ ಮೇಲೆ ಇಪ್ಪತ್ತಾರು ವರ್ಷ ನೀರಗಂಟಿಯಾಗಿದ್ದೆ. ಯಾರ ಹೊಲಕ್ಕೆ ಯಾವ ದಿನ ನೀರು ಬಿಡಬೇಕೆಂಬ ಪಾಳಿ ನನ್ನ ತಲೆಯೊಳಗೇ ಇರುತ್ತಿತ್ತು. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೂ ಮುಂಜಾನೆ ಚಹಾ ಕುಡಿಯೋದರೊಳಗೆ ಮನೆ ಕಟ್ಟೆ ಮೇಲೆ ಹತ್ತು ಮಂದಿ: "ಮುತ್ಯಾ, ನಮ್ಮ ಪಾಳಿ ಯಾವಾಗ?"

ನಾನು ನಿವೃತ್ತನಾದ ಮೇಲೆ ಆ ಪಾಳಿಯನ್ನು ಫೋನಿಗೆ ತಂದವಳು ನನ್ನ ಮೊಮ್ಮಗಳು ದಾನಮ್ಮ. ಸಿಂದಗಿಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಆಕೆಯ ಸಾಫ್ಟ್‌ವೇರ್ ಓಪನ್ ಸೋರ್ಸ್. ಅಂದರೆ ಪುಕ್ಕಟೆ ಕೊಡೋದು, ಒಳಗಿನ ಬರಹವನ್ನೂ ಮುಚ್ಚಿಡದೆ ಕೊಡೋದು; ಯಾರು ಬೇಕಾದರೂ ತಿದ್ದಿಕೊಳ್ಳಬಹುದು. ಅಗರಖೇಡದವರು, ಹೂವಿನ ಹಿಪ್ಪರಗಿಯವರು ತಮ್ಮೂರಿಗೂ ಒಯ್ದರು. ನನ್ನ ಮೊಮ್ಮಗಳು! ಎದೆ ಉಬ್ಬಿ ಅಂಗಿ ಗುಂಡಿ ಹರಿಯೋದೊಂದೇ ಬಾಕಿ. ಆದರೆ ನನ್ನ ಕಟ್ಟೆ ಖಾಲಿಯಾಯಿತು. ಹೊಟ್ಟೆಯೊಳಗೆ ಬೆಂಕಿ ಬಿತ್ತು, ಅದೂ ಸ್ವಂತ ಮೊಮ್ಮಗಳ ಮೇಲೆ.

ಮೂರು ವರ್ಷದ ಹಿಂದಿನ ಹಿಂಗಾರಿ. ಒಂದು ಶುಕ್ರವಾರ ಊಟಕ್ಕೆ ಕೂತಾಗ ದಾನಮ್ಮ, "ಸೋಮವಾರ ಹೊಸಾದು ರಿಲೀಸ್ ಮಾಡ್ತೇನಿ ಮುತ್ಯಾ. ಹಳೇದು ಅವತ್ತ ಬಂದ್," ಅಂದಳು. ಸಾಫ್ಟ್‌ವೇರಿನ ಈ ಹೊಸ ಆವೃತ್ತಿ ಹಾಕಿದ ದಿನದಿಂದ ಅದು ಪಾಳಿಯನ್ನು ಮತ್ತೆ ಮೇಲಿನ ಹೊಲದಿಂದ ಎಣಿಸುತ್ತದಂತೆ. ಆದರೆ ಆ ಸೋಮವಾರಕ್ಕೆ ಪಾಳಿ ಅರ್ಧಕ್ಕೆ ಬಂದಿರುತ್ತಿತ್ತು. ಮೇಲಿನವರಿಗೆ ಎರಡು ಸಲ ನೀರು. ಕೊನೆಯ ಹೊಲ ಮುಟ್ಟುವಷ್ಟರಲ್ಲಿ ನೀರು ಬಿಡುವ ದಿನಗಳು ಮುಗಿದು ಕಾಲುವೆ ಬಂದ್. ಕೇಳಿದ ಕೂಡಲೇ ನನಗೆ ತಿಳಿಯಿತು. ರೊಟ್ಟಿ ಮುರಿದು ಸುಮ್ಮನೆ ಉಂಡೆ. ಕೆಡಲಿ, ಮತ್ತೆ ನನ್ನ ಕಟ್ಟೆಗೇ ಬರ್ತಾರ ಅಂತ.

ರವಿವಾರ ಕೊನೆ ಹೊಲದ ಶಾಂತವ್ವ ಬಂದಳು. ಆಕೆಯ ಕಡಲೆ ಹೂ ಬಿಟ್ಟಿತ್ತು. ಈ ಒಂದು ನೀರು ಸಿಕ್ಕರೆ ಕಾಯಿ, ಇಲ್ಲವಾದರೆ ಬರೀ ಹೊಟ್ಟು. ಫೋನು ತೋರಿಸಿದಳು.

"ಕಾಕಾ, ಗುರುವಾರ ನಂದ ಪಾಳಿ ಅಂತೈತ್ರಿ. ನಿಮ್ಮನ್ನ ಕೇಳಾಕ ಬಂದಿಲ್ರಿ ಮತ್ತ! ನಿಮ್ಮ ಮೊಮ್ಮಗಳು ಮಾಡಿದ್ದಂದ್ರ ಖಾತ್ರಿನ. ಆಕಿಗೆ ಸಜ್ಜಿ ರೊಟ್ಟಿ ಕೊಟ್ಟು ಹೋಗಾಕ ಬಂದೆ."

ಆಕೆಗೆ! ಇಪ್ಪತ್ತಾರು ವರ್ಷ ನೀರು ಬಿಟ್ಟ ನನಗಲ್ಲ! ಉರಿ ನೆತ್ತಿಗೇರಿತು. ಆದರೆ ಆಕೆ ನನ್ನ ಕೈಗೆ ಕೊಟ್ಟಿದ್ದ ರೊಟ್ಟಿ ಗಂಟು ಇನ್ನೂ ಬಿಸಿ ಇತ್ತು. ಅದನ್ನು ಹಿಡಿದೇ ಒಳಗೆ ಹೋದೆ.

"ದಾನವ್ವಾ, ನಾಳಿ ಹೊಸಾದು ಬಿಡಬ್ಯಾಡ. ಪಾಳಿ ನಡದಾಗ ಎಣಿಕಿ ಬದಲ ಮಾಡಿದ್ರ ಶಾಂತವ್ವನ ಹೊಲ ಒಣಗತೈತಿ."

ಆಕೆ ಕಂಪ್ಯೂಟರಿನಲ್ಲಿ ನೋಡಿದಳು. ಮುಖ ಸಣ್ಣದಾಯಿತು. "ನಿನಗ ಯಾವಾಗ ತಿಳೀತು?"

"ಶುಕ್ರವಾರ."

"ಮತ್ತ ಯಾಕ ಹೇಳಲಿಲ್ಲ?"

"ಹೊಟ್ಟಿಕಿಚ್ಚು, ಮಗಳ."

"ಎಂಥಾ ಮುದುಕ ಅದಿ ನೀ!" ಎಂದು ರೊಟ್ಟಿ ಗಂಟು ಕಸಿದುಕೊಂಡಳು.

ರಿಲೀಸ್ ಮುಂದಕ್ಕೆ ಹೋಯಿತು. ಅವತ್ತೇ ಇಬ್ಬರೂ ಕೂತು ವೇಳಾಪಟ್ಟಿ ಮಾಡಿದೆವು. ಹೊಸದನ್ನು ಕಾಲುವೆ ಬಂದ್ ಇದ್ದಾಗ ಮಾತ್ರ ಬಿಡೋದು. ಹಳೇದನ್ನು ಇನ್ನೂ ಎರಡು ವರ್ಷ ರಿಪೇರಿ ಮಾಡಿ ನಡೆಸೋದು. ಇದಕ್ಕೆ ಲಾಂಗ್ ಟರ್ಮ್ ಸಪೋರ್ಟ್ ಅನ್ನುತ್ತಾರೆ. ಕಾಲುವೆಗೆ ಹೊಸ ಗೇಟು ಕೂಡಿಸಿದ ಮೇಲೂ ಎರಡು ಹಂಗಾಮು ಹಳೇ ಗೇಟನ್ನು ನಾನು ಕೀಳಗೊಟ್ಟಿರಲಿಲ್ಲ, ಹಂಗ.

ಗುರುವಾರ ಶಾಂತವ್ವನ ಹೊಲಕ್ಕೆ ನೀರು ಹೋಯಿತು. ಅಗರಖೇಡದವರು ಈಗಲೂ ದಾನಮ್ಮನಿಗೇ ಫೋನ್ ಮಾಡುತ್ತಾರೆ, ನನಗೆ ಈಗಲೂ ಉರಿಯುತ್ತದೆ. ನೀರಿನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಹೊಟ್ಟೆಕಿಚ್ಚು ಇದ್ದರೆ ಇರಲಿ, ತಿಳಿದದ್ದನ್ನು ಮಾತ್ರ ಪಾಳಿ ತಪ್ಪುವ ಮೊದಲೇ ಹೇಳಿಬಿಡಬೇಕು.