ಹತ್ತಿ ನೋಡುವ ಬೆಳಕು

ಹೋದ ವರ್ಷ ದಸರಾ ಕಳೆದು ತೆಲುಗು ಸೀಮೆಯ ನಮ್ಮೂರು ಆದೋನಿಯ ಮಾರುಕಟ್ಟೆಗೆ ಹೊಸ ಹತ್ತಿ ಬರತೊಡಗಿದ್ದ ದಿನಗಳು. ಒಳಾಂಗಣ ವಿನ್ಯಾಸದ ಪದವಿ ಮುಗಿಸಿ, ಕೆಲಕಾಲ ಬೇರೆಯವರ ಕೈಕೆಳಗೆ ದುಡಿದು ಊರಿಗೆ ಮರಳಿದ್ದೆ. ನನ್ನದೇ ಹೆಸರಿನಲ್ಲಿ ಸಿಗಬಹುದಾಗಿದ್ದ ಮೊದಲ ಕೆಲಸ, ಹತ್ತಿ ವ್ಯಾಪಾರಿ ಚನ್ನಬಸಪ್ಪನವರ ಗದ್ದಿಯನ್ನು ಹೊಸದಾಗಿಸುವುದು. ಗದ್ದಿ ಎಂದರೆ ನೆಲಕ್ಕೆ ಬಿಳಿ ಹಾಸಿಗೆ ಹಾಸಿ, ಲೋಡುದಿಂಬಿಗೆ ಒರಗಿ ವ್ಯಾಪಾರ ಮಾಡುವ ಅಂಗಡಿ.

ಅವರ ಮಗ ವೀರೇಶನಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಹೈದರಾಬಾದಿನ ಕಂಪನಿಯೊಂದು ಕಳಿಸಿದ್ದ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದ. ಕಂದು ಗಾಜಿನ ಕ್ಯಾಬಿನ್, ಸೋಫಾ, ಚಾವಣಿ ತುಂಬ ಹಳದಿ ದೀಪ.

"ಭಾನುವಾರ ನಿಮ್ಮ ಕಾನ್ಸೆಪ್ಟ್ ತೋರಸ್ರಿ. ಹಿಡಸಲಿಲ್ಲಂದ್ರ ಇವರಿಗೇ ಹೇಳಿಬಿಡ್ತೀವಿ," ಎಂದ.

ನಾನು ಮಾತು ಕಡಿಮೆ. ಅಳತೆಯ ನೆಪದಲ್ಲಿ ಒಂದು ಬೆಳಿಗ್ಗೆಯೆಲ್ಲ ಅಂಗಡಿಯ ಮೂಲೆಯಲ್ಲಿ ಕುಳಿತೆ. ಪೆದ್ದಕಡುಬೂರು, ಕೋಸಗಿ ಕಡೆಯ ರೈತರು ಟವೆಲಿನಲ್ಲಿ ಹತ್ತಿಯ ಮಾದರಿ ಕಟ್ಟಿಕೊಂಡು ಬರುತ್ತಿದ್ದರು. ಚನ್ನಬಸಪ್ಪನವರು ಒಂದು ಹಿಡಿ ತೆಗೆದುಕೊಂಡು, ಮೊಣಕಾಲು ಒತ್ತಿಕೊಂಡು ಎದ್ದು, ಬಾಗಿಲಾಚೆ ಹೋಗಿ ಎಳೆ ಬಿಡಿಸಿ ನೋಡಿ, ಮತ್ತೆ ಬಂದು ಕೂರುತ್ತಿದ್ದರು. ರೈತರೂ ಅವರ ಹಿಂದೆಯೇ ಹೊರಗೆ, ಮತ್ತೆ ಒಳಗೆ. ಯಾರಿಗೂ ಅದು ವಿಚಿತ್ರವೆನಿಸುತ್ತಿರಲಿಲ್ಲ.

"ಒಳಗ ಯಾಕ ನೋಡಂಗಿಲ್ರಿ?" ಎಂದು ಕೇಳಿದೆ.

"ಟ್ಯೂಬ್‌ಲೈಟ್ ಸುಳ್ಳು ಹೇಳ್ತೈತಿ ತಂಗಿ," ಎಂದು ನಕ್ಕರು.

ಮನೆಗೆ ಬಂದವಳೇ ಮೊದಲೇ ಬರೆದಿಟ್ಟಿದ್ದ, ಹತ್ತಿಕಾಯಿಯ ಚಿತ್ತಾರದ ಕಾನ್ಸೆಪ್ಟನ್ನು ಬದಿಗಿಟ್ಟೆ. ಅಂಗಡಿಯ ಉತ್ತರದ ಗೋಡೆ ಓಣಿಗೆ ತಗಲಿತ್ತು. ಅಲ್ಲಿ ಉದ್ದನೆಯ ಕಿಟಕಿ ಬರೆದೆ. ನೇರ ಬಿಸಿಲಿಲ್ಲದ, ದಿನವಿಡೀ ಹೆಚ್ಚು ಬದಲಾಗದ ಬೆಳಕು. ಅದರ ಕೆಳಗೇ ಕೂರುವ ಹಾಸಿಗೆ. ಹತ್ತಿಯ ಮೇಲೆ ಬೇರೆ ಬಣ್ಣದ ಛಾಯೆ ಬೀಳದಂತೆ ಸುತ್ತ ಬರೀ ಬಿಳಿ ಗೋಡೆ.

ಭಾನುವಾರ ನಕ್ಷೆ ನೋಡಿದ ವೀರೇಶ ಹುಬ್ಬೇರಿಸಿದ. "ಇಷ್ಟೇ ಏನ್ರಿ? ಒಂದು ಕಿಟಕಿ ಕೊರಿಯಾಕ ಡಿಗ್ರಿ ಬೇಕೇನ್ರಿ?"

ವಾದಿಸಲು ನನಗೆ ಬರುವುದಿಲ್ಲ. ಅದು ಗೊತ್ತಿದ್ದೇ ಅವನ ಚಿತ್ರದಲ್ಲಿದ್ದಂಥ ಹಳದಿ ದೀಪವೊಂದನ್ನು ತಂದಿದ್ದೆ. ಬಾಗಿಲು ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ ಅದನ್ನು ಹಚ್ಚಿ, ಅಂಗಡಿಯದೇ ಎರಡು ಹಿಡಿ ಹತ್ತಿ ಅವನ ಮುಂದಿಟ್ಟೆ. ಒಂದು ಒಳ್ಳೆಯದು, ಇನ್ನೊಂದು ಮಳೆಗೆ ನೆನೆದು ಬಣ್ಣ ತಿರುಗಿದ್ದು.

"ಯಾವುದು ಚಲೋದು, ಹೇಳ್ರಿ," ಎಂದೆ.

ಅವನು ಹಿಂಜರಿಯದೆ ಒಂದನ್ನು ಎತ್ತಿದ. ನಾನು ಬಾಗಿಲು ತೆರೆದೆ. ಅವನ ಅಂಗೈಯಲ್ಲಿದ್ದ ಹತ್ತಿ ಹಗಲ ಬೆಳಕಿನಲ್ಲಿ ಹಳದಿಗಟ್ಟಿದ್ದು ಕಂಡಿತು.

ಚನ್ನಬಸಪ್ಪನವರು ಲೋಡು ಗುದ್ದಿ ನಕ್ಕರು. "ಸರಿಪೋಯಿಂದಿ!" ಸರಿಹೋಯಿತು ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಹೊರಳಿದರು. "ಗಾಜಿನ ಕ್ಯಾಬಿನ್‌ನಾಗ ಕುಂತು ಅಂಗಡಿ ಮುಳಗಸ್ತಿದ್ದಿ ನೋಡಲೇ! ಈ ತಂಗಿ ಹೇಳಿದಂಗ ಮಾಡಸು."

ವೀರೇಶ ಹತ್ತಿಯನ್ನೇ ನೋಡುತ್ತಿದ್ದ. ಆಮೇಲೆ ತಾನೂ ನಕ್ಕ. "ಎಸಿನಾದ್ರೂ ಇಡ್ತೀರೇನ್ರಿ?"

"ಇಡೋಣ್ರಿ," ಎಂದೆ. ಕೆಲಸ ನನ್ನದಾಗಿತ್ತು.

ಯುಗಾದಿಯ ಹೊತ್ತಿಗೆ ಗದ್ದಿ ಸಿದ್ಧವಾಯಿತು. ಈಗ ಅಕ್ಕಪಕ್ಕದ ವ್ಯಾಪಾರಿಗಳೂ ಅನುಮಾನ ಬಂದಾಗ ಹಿಡಿ ಹತ್ತಿ ಹಿಡಿದು ಆ ಕಿಟಕಿಯ ಬಳಿಗೇ ಬರುತ್ತಾರೆ. ಮೊನ್ನೆ ನಾನು ಅಲ್ಲಿದ್ದಾಗ ಪತ್ತಿಕೊಂಡದ ವ್ಯಾಪಾರಿಯೊಬ್ಬರು, ಯಾವ ಊರಿನವರಿಂದ ಮಾಡಿಸಿದಿರಿ ಎಂದು ವಿಚಾರಿಸಿದರು.

"ಯಾವ ಊರಿನವರು ಯಾಕ್ರಿ? ನಮ್ಮ ಆದೋನಿಯವರೇ. ಇಲ್ಲೇ ನಿಂತಾರ ನೋಡ್ರಿ," ಎಂದ ವೀರೇಶ.

ನಾನು ಕೈಮುಗಿದೆ, ಅಷ್ಟೆ. ಹೆಮ್ಮೆಯನ್ನು ಹತ್ತು ಜನರೆದುರು ತೋರಿಸಿಕೊಳ್ಳಲು ನನಗೆ ಇನ್ನೂ ಬರುವುದಿಲ್ಲ. ಆದರೆ ಅವತ್ತು ಆಟೋ ಹತ್ತಲಿಲ್ಲ. ಸುತ್ತುದಾರಿ ಹಿಡಿದು, ನಿಧಾನವಾಗಿ ನಡೆದೇ ಮನೆ ಸೇರಿದೆ.