ಐಸ್ ಬಿದ್ದ ದಿನದ ರಟ್ಟಿನ ಡಬ್ಬ

ಅಂಥ ಐಸಲ್ಲಿ ಆಫೀಸಿಗೆ ಯಾಕೆ ಹೋದೆ ಅಂತೀರಲ್ಲ, ಹೋಗದೆ ಏನ್ ಮಾಡ್ಲಿ? ರಿಸೆಷನ್ ಟೈಮು. ಆಫೀಸಲ್ಲಿ ದಿನಾ ಯಾರಾದ್ರೊಬ್ರು ಕೆಲಸ ಕಳ್ಕೊಂಡು ರಟ್ಟಿನ ಡಬ್ಬದಲ್ಲಿ ಸಾಮಾನು ತುಂಬ್ಕೊಂಡು ಮನೆಗೆ ಹೋಗ್ತಿದ್ರು. ಅಂಥದ್ರಲ್ಲಿ ಮಾರ್ಚ್ ತಿಂಗಳಲ್ಲಿ ಒಂದು ಬೆಳಿಗ್ಗೆ ಬಾಸ್ ಮೆಸೇಜು: ಮಳೆ, ಐಸು ಜೋರಾಗಿದೆ, ಇವತ್ತು ಬರಬೇಡಿ. ನನಗೊಬ್ಬನಿಗೇ ಕಳಿಸಿದಾರೋ ಏನೋ ಅಂತ ಡೌಟು ಬಂತು. ಆಫೀಸಿರೋ ಆಬರ್ನ್ ಹಿಲ್ಸ್‌ವರೆಗೂ ಜಾರ್ಕೊಂಡೇ ಡ್ರೈವ್ ಮಾಡಿದೆ.

ಬಾಗಿಲಲ್ಲಿ ಬ್ಯಾಡ್ಜ್ ತೋರಿಸಿದ್ರೆ ಕೆಂಪು ಲೈಟು. ಬಾಗಿಲು ತೆರೀಲೇ ಇಲ್ಲ. ಸೆಕ್ಯುರಿಟಿಯವನು ಹೊರಗೆ ಬಂದು, "ಮನೆಗೆ ಹೋಗಿ ಸರ್" ಅಂದ.

"ನಾನೊಬ್ಬನೇನಾ, ಎಲ್ಲರೂನಾ?"

"ಬಂದಿರೋದೇ ನೀವೊಬ್ರು."

ಇದು ಉತ್ತರಾನಾ? ವಾಪಸ್ ಹೊರಟ್ರೆ ಚಕ್ರ ಐಸ್ ಮೇಲೆ ನಿಂತಲ್ಲೇ ಸುತ್ತಿತು. ಅವನೇ ಒಂದು ರಟ್ಟಿನ ಡಬ್ಬ ಹರಿದು ಚಕ್ರದ ಕೆಳಗಿಟ್ಟು ಕಾರು ತಳ್ಳಿದ. ಆಮೇಲೆ ಇನ್ನೊಂದು ಡಬ್ಬ ಕೊಟ್ಟು, "ಇಟ್ಕೊಳ್ಳಿ, ಬೇಕಾಗತ್ತೆ" ಅಂದ. ಮುಖ ನೋಡಿದೆ, ಏನೂ ಗೊತ್ತಾಗ್ಲಿಲ್ಲ.

ಆಫೀಸಿನ ಗೆಳೆಯನಿಗೆ ಫೋನ್ ಮಾಡಿದ್ರೆ, ಎಲ್ಲರಿಗೂ ಅದೇ ಮೆಸೇಜು ಬಂದಿತ್ತಂತೆ. ಡಬ್ಬ ಹಿಡ್ಕೊಂಡು ಮನೆಯೊಳಗೆ ಬಂದೆ. ಹೆಂಡತಿ ಡಬ್ಬ ನೋಡಿದ್ಲು. ಬಿಸಿ ಕಾಫಿ ತಂದುಕೊಟ್ಟು, ಪಕ್ಕದಲ್ಲೇ ಕೂತು, "ಹೋದ್ರೆ ಹೋಗ್ಲಿ ಬಿಡಿ, ನಾನಿಲ್ವಾ?" ಅಂದ್ಲು. ಎಷ್ಟೋ ವರ್ಷದಿಂದ ಅಂಥ ದನಿ ಕೇಳಿರ್ಲಿಲ್ಲ. ಅದಕ್ಕೇ ಕಾಫಿ ಪೂರ್ತಿ ಕುಡಿದ್ಮೇಲೆ ಹೇಳಿದೆ, ಕೆಲಸ ಹೋಗಿಲ್ಲ, ಐಸಿಗೆ ಆಫೀಸೇ ಮುಚ್ಚಿದೆ, ಡಬ್ಬ ಚಕ್ರಕ್ಕೆ ಅಂತ.

"ಹಾಗಾದ್ರೆ ಏಳಿ, ಮನೆ ಮುಂದಿನ ಡ್ರೈವ್‌ವೇಲಿ ಐಸ್ ಕೆರೀರಿ" ಅಂದ್ಲು.