ಹದ್ದಿನ ಪಾಲು

ನಾಲ್ಕು ಕೋಳಿ ಸಾಕು ಅಂತ ನಾನು ತೀರ್ಮಾನಿಸಿದ್ದೆ. ಮನೆಯಲ್ಲಿ ಇರುವವರು ಇಬ್ಬರು. ಹಿತ್ತಿಲು ಅಂದರೆ ಬಟ್ಟೆ ಒಗೆಯುವ ಕಲ್ಲಿಗೂ ನುಗ್ಗೆ ಮರಕ್ಕೂ ನಡುವಿನ ಒಂದಿಷ್ಟು ಮಣ್ಣು. ಗಂಡನ ಕಾರ್ಖಾನೆ ಕೆಲಸಕ್ಕಾಗಿ ಹಾವೇರಿ ಕಡೆಯಿಂದ ಬಂದು, ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ್ದ ಹಳೇ ಲೈನ್ ಮನೆಯೊಂದರಲ್ಲಿ ಬಾಡಿಗೆಗೆ ಇದ್ದೇವೆ. ಅನ್ನಕ್ಕೆ ಅಕ್ಕಿ ಹಾಕುವಾಗಲೂ ಲೋಟದ ಬಾಯಿ ಸವರಿ ಅಳೆಯುವವಳು ನಾನು. ಒಂದು ತುತ್ತು ಮಿಕ್ಕರೂ ಸಿಟ್ಟು ಬರುತ್ತದೆ. ನನ್ನ ಮಾತು ಕೇಳಿ ಗಂಡ ಪ್ಯಾಕಿಂಗ್ ಹಲಗೆಗಳಿಂದ ನಾಲ್ಕೇ ಕೋಳಿ ಹಿಡಿಸುವ ಗೂಡು ಹೊಡೆದಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ.

ಕೋಳಿ ಕೊಡುತ್ತೇನೆ ಅಂದವರು ಪಕ್ಕದ ಮನೆಯ ಅಕ್ಕ. ಕ್ಯಾಸಂಬಳ್ಳಿಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಈ ಲೈನಿಗೆ ಬಂದವರು. ಕಾವಿಗೆ ಕೂತ ಕೋಳಿಯೊಂದನ್ನು ಮಂಕರಿ ಸಮೇತ ಎರವಲಾಗಿ ತಂದಿಟ್ಟು, ಸೆರಗಿನಿಂದ ಹನ್ನೊಂದು ಮೊಟ್ಟೆ ತೆಗೆದರು.

"ನಮಗ ನಾಲ್ಕ ಸಾಕ್ರಿ ಅಕ್ಕಾರ" ಅಂದೆ.

"ನಾಕು ನಿಂಗೆ. ಅದ್ದಿಗೆ ಯಾರ್ ಕೊಡ್ತಾರೆ? ಬೆಕ್ಕಿಗೆ? ಮುಂಗ್ಸಿಗೆ? ಅವುಕ್ಕೂ ಪಾಲ್ ಐತೆ ಕಣಮ್ಮ. ನಾಕ್ ಉಳೀಬೇಕಂದ್ರೆ ಅನ್ನೊಂದ್ ಇಡ್ಬೇಕು."

ಲೆಕ್ಕ ಹೇಳಿದರೆ ನಾನು ಒಪ್ಪಿಬಿಡುತ್ತೇನೆ. ನಾಲ್ಕು ನಮಗೆ, ಏಳು ಹೋಗುವುದಕ್ಕೆ.

ಮೊಟ್ಟೆ ಒಡೆಯುವ ದಿನ ಹತ್ತಿರ ಬಂದಾಗ ಅಕ್ಕ ಬಂದು ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಕೇಳಿದರು. ಕೋಳಿ ಮೇಯಲು ಎದ್ದಿದ್ದ ಹೊತ್ತು. ಕೂಸಿಗೆ ನೀರು ಹಾಕುವಾಗ ನೋಡುವಂತೆ ಮೊಣಕೈ ಅದ್ದಿ ಶಾಖ ನೋಡಿದರು.

"ಕೆಟ್ಟಿರೋವು ಸುಮ್ನಿರ್ತವೆ. ಜೀವ ಇರೋವು ಅಲ್ಲಾಡ್ತವೆ, ನೋಡ್ತಿರು" ಅಂದು ಮೊಟ್ಟೆಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟರು.

ಮೊಟ್ಟೆಗಳು ತೇಲಿದವು. ನೀರು ಕದಲದೆ ನಿಂತಿತು. ಇದೊಂದು ಅಜ್ಜಿಕಥೆ ಅಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಒಂದು ಮೊಟ್ಟೆ ತನ್ನಷ್ಟಕ್ಕೆ ತಾನೇ ಮಿಸುಕಿತು. ಯಾರೂ ಮುಟ್ಟಿರಲಿಲ್ಲ, ಗಾಳಿಯೂ ಇರಲಿಲ್ಲ. ಸಣ್ಣ ಅಲೆಯೊಂದು ಎದ್ದು ಟಬ್ಬಿನ ಅಂಚಿಗೆ ತಾಗಿತು. ಇನ್ನೊಂದು ಗಿರಕ್ಕನೆ ತಿರುಗಿತು. ಮತ್ತೊಂದು ತೂಗಿ ತೂಗಿ ನಿಂತು, ಮತ್ತೆ ತೂಗಿತು. ಒಂದರಂತೆ ಒಂದಿಲ್ಲ. ಇಷ್ಟು ವರ್ಷ ಆಮ್ಲೆಟ್ ಅಂತಲೇ ಕಂಡಿದ್ದರೊಳಗೆ ಯಾರೋ ಮಗ್ಗುಲು ಬದಲಿಸುತ್ತಿದ್ದರು. ಎಷ್ಟು ಅಲುಗಿದವು ಅಂತ ಎಣಿಸುವುದನ್ನೇ ಮರೆತೆ. ಗಂಡನನ್ನು ಕೇಳಿದರೆ, ನಾನು ಲೆಕ್ಕ ಮರೆತದ್ದೇ ದೊಡ್ಡ ಪವಾಡ ಅಂದಾರು.

ಒಂದು ಮಾತ್ರ ಅಲುಗಲಿಲ್ಲ. ಅಕ್ಕ ಅದನ್ನು ಆಚೆ ಇಟ್ಟು, ಮಿಕ್ಕ ಹತ್ತನ್ನು ಒರೆಸಿ ಮಂಕರಿಗೆ ಹಾಕಿದರು.

"ಅಕ್ಕಾರ, ಇದರಾಗ ಹದ್ದಿಂದು ಯಾವ್ದರೀ?" ಅಂತ ಕೇಳಿಬಿಟ್ಟೆ.

ಅಕ್ಕ ನಗಲಿಲ್ಲ. "ಅದ್ನ ನಾನೇನ್ ಏಳ್ಲಿ? ಕೋಳೀನ ಕೇಳು" ಅಂದರು.

ಹತ್ತೂ ಒಡೆದವು. ಮರಿಗಳನ್ನು ಮೊದಲ ಸಲ ಹಿತ್ತಿಲಿಗೆ ಬಿಟ್ಟಾಗ ನಾನು ಕೋಲು ಹಿಡಿದು ಒಗೆಯುವ ಕಲ್ಲಿನ ಮೇಲೆ ಕಾವಲು ಕೂತೆ. ಏಳು ಹೋಗುತ್ತವೆ ಅಂತ ಒಪ್ಪಿದ್ದವಳಿಗೆ ಈಗ ಒಂದು ಹೋದರೂ ತಡೆಯುವಂತಿರಲಿಲ್ಲ. ಹದ್ದಿನ ನೆರಳು ಮಣ್ಣಿನ ಮೇಲೆ ಹಾದುಹೋಯಿತು. ನಾನು ಇನ್ನೂ ತಲೆಯೆತ್ತುತ್ತಿದ್ದೆ, ಕೋಳಿ ಗಂಟಲಲ್ಲೇ ಒಂದು ಸದ್ದು ಮಾಡಿತು. ಮೂಲೆಮೂಲೆಯಿಂದ ಮರಿಗಳು ಓಡಿಬಂದು ಅದರ ರೆಕ್ಕೆಯಡಿ ಸೇರಿಕೊಂಡವು. ಹೊರಗೆ ಒಂದು ಪುಟ್ಟ ಕಾಲೂ ಕಾಣಿಸಲಿಲ್ಲ. ಅಷ್ಟು ಸಣ್ಣ ಕೋಳಿಗೆ ಹತ್ತನ್ನೂ ಮುಚ್ಚುವಷ್ಟು ರೆಕ್ಕೆ ಎಲ್ಲಿಂದ ಬಂತೋ! ಹದ್ದು ಒಂದು ಸುತ್ತು ಹಾಕಿ ಹೊರಟುಹೋಯಿತು. ನನ್ನ ಕೋಲು ನನ್ನ ಕೈಯಲ್ಲೇ ಇತ್ತು.

ಸಂಜೆ ಗಂಡ ಬಂದ ಕೂಡಲೇ, ಗೂಡು ಬಿಚ್ಚಿ ದೊಡ್ಡದು ಮಾಡಿ ಅಂದೆ.

"ಎಷ್ಟಕ್ಕ ಮಾಡ್ಲಿ?"

"ಹತ್ತಕ್ಕ."

"ಮತ್ತ ಹದ್ದಿನ ಪಾಲು?"

"ಹದ್ದು ಬ್ಯಾರೆ ಮನಿ ನೋಡ್ಕೊಳ್ಲಿ" ಅಂದೆ.